ಕರಡಿ ನಾಲಗೆಯ ಎಡ ಅಂಚು

ಸತ್ತಿದ್ದು ಕೆಡದಂತೆ ಇಡೋ ಫಾರ್ಮಲಿನ್ನಿನ ವಾಸನೆ ಈಗೀಗ ಮೂಗಿಗೆ ಬಡೀತಾನೇ ಇಲ್ಲ, ಇಪ್ಪತ್ತೆರಡು ವರ್ಷ ಆಯ್ತಲ್ಲ, ಮೂಗೂ ಸತ್ತಿದೆ — ತಟ್ಟೆಯಲ್ಲಿ ಕರಡಿಯ ನಾಲಗೆ, ತಣ್ಣಗೆ, ಬೂದು ಬಣ್ಣ, ತೊಳೆದು ಭೂತಗನ್ನಡಿ ಕೆಳಗಿಟ್ಟು ಮೇಲ್ಮೈ ಹೇಗಿದೆ ಅಂತ ಬರೀಬೇಕು, ಮ್ಯೂಸಿಯಮ್ಮಿನಲ್ಲಿ ನನ್ನ ಕೆಲಸವೇ ಅದು, ಬರಿ ಮಹಾತಾಯಿ, ಮೇಲೆಲ್ಲ ಸಣ್ಣ ಮುಳ್ಳು, ಗಂಟಲ ಕಡೆ ಬಾಗಿವೆ, ಬೆಕ್ಕಿನದರಷ್ಟು ಗಡುಸಿಲ್ಲ, ಬೆಕ್ಕು ಮೂಳೆಯಿಂದ ಮಾಂಸ ಕೆರೆದು ತಿನ್ನೋ ಜಾತಿ, ಇದು ಹಣ್ಣು, ಗೆಡ್ಡೆ, ಇರುವೆ, ಜೇನು, ಸಿಕ್ಕಿದರೆ ಮಾಂಸ, ಯಾವುದಕ್ಕೂ ಬೇಡ ಅನ್ನಲ್ಲ, ನಮ್ಮನೆಯವರ ಹಾಗೆ, ತಮ್ಮ ಬೇಕರಿಯಲ್ಲಿ ಹಸಿ ಹಿಟ್ಟನ್ನೇ ನೆಕ್ಕಿ ಉಪ್ಪು ಸಾಲದು ಕಣೇ ಅನ್ನೋ ಮನುಷ್ಯ — ನಾಲಗೆ ನೋಡಿದರೆ ಊಟ ಗೊತ್ತಾಗುತ್ತೆ ಕಣಮ್ಮ ಅಂತಿದ್ದರು ನನಗೆ ಕೆಲಸ ಕಲಿಸಿದ ಸರ್, ಊಟವೇನೋ ಗೊತ್ತಾಗುತ್ತೆ ಸರ್, ಅದೊಂದೇ ಗೊತ್ತಾಗೋದು.

ಗಡಿಯಾರ ಹನ್ನೊಂದೂವರೆ, ಇಷ್ಟು ಹೊತ್ತಿಗೆ ಇವರಿಗೆ ಮತ್ತು ಬರೋ ಇಂಜೆಕ್ಷನ್ ಕೊಟ್ಟಿರುತ್ತಾರೆ, ಆಪರೇಷನ್ ಕೋಣೆಯ ಹೊರಗೆ ನಾದಿನಿ ಕೂತಿದ್ದಾಳೆ, ನಾನು ಕೂರಬೇಕಿತ್ತು, ಕೂರಲಾಗಲಿಲ್ಲ, ಕೆಲಸ ಇದೆ ಅಂತ ಸುಳ್ಳು ಹೇಳಿ ಓಡಿಬಂದೆ, ಎಂಥ ಹೆಂಡತಿ ನಾನು, ಥೂ — ನಾಲಗೆಯ ಹಿಂಭಾಗದಲ್ಲಿ ರುಚಿಯ ಗುಬುಟುಗಳು, ಸುತ್ತ ಸಣ್ಣ ಕಾಲುವೆ ತೋಡಿದ ಹಾಗೆ, ಎಣಿಸು, ಒಂದು, ಎರಡು — ಏನೇ, ನೋಡೇ ಇಲ್ಲಿ, ಅಂತ ಇವರು ಬಚ್ಚಲ ದೀಪದ ಕೆಳಗೆ ನಾಲಗೆ ಚಾಚಿದ್ದರು, ಎಂಟು ತಿಂಗಳ ಹಿಂದೆ, ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ, ಬಿಸಿ ಬಿಸಿ ನುಂಗ್ತೀರಲ್ಲ ಅದಕ್ಕೇ, ಏನೂ ಇಲ್ಲ ಹೋಗ್ರೀ ಅಂದೆ, ನೆಟ್ಟಗೆ ನೋಡಲೂ ಇಲ್ಲ, ದಿನಾ ನೋಡೋ ನಾಲಗೆಗಳ ಅಂಚೆಲ್ಲ ಬಿಳಿಚಿಕೊಂಡೇ ಇರುತ್ತೆ, ಫಾರ್ಮಲಿನ್ನಿನಲ್ಲಿ ಬಿದ್ದು, ಅದನ್ನು ಲೆಕ್ಕಕ್ಕೇ ತಗೊಳ್ಳಬಾರದು ಅಂತಲೇ ಕಲಿತಿದ್ದು, ಕಣ್ಣಿಗೆ ಅಭ್ಯಾಸ, ಸತ್ತಿದ್ದಕ್ಕೂ ಬದುಕಿದ್ದಕ್ಕೂ ಒಂದೇ ಕಣ್ಣು — ಕ್ಯಾನ್ಸರ್ ರೀ ಇದು, ಎಂಟು ತಿಂಗಳು ಯಾಕೆ ಸುಮ್ಮನಿದ್ರಿ ಅಂತ ಡಾಕ್ಟರ್ ರೇಗಿದಾಗ ಇವರು ನಗ್ತಾರೆ, ಎದೆ ಉಬ್ಬಿಸಿ, ನನ್ನ ಹೆಂಡತೀನೇ ನೋಡಿದ್ಲು ಡಾಕ್ಟ್ರೇ, ಅವಳಿಗೆ ನಾಲಗೆ ಅಂದ್ರೆ ನಿಮಗಿಂತ ಚೆನ್ನಾಗಿ ಗೊತ್ತು, ಅಯ್ಯೋ, ಆ ಮಾತಿಗೆ ನೆಲ ಬಾಯಿ ಬಿಡಬಾರದಿತ್ತೇ, ಇವತ್ತು ಬೆಳಿಗ್ಗೆ ಸ್ಟ್ರೆಚರ್ ಮೇಲೂ ತಮಾಷೆ, ತೆಗೆದರೆ ಕರಡಿ ಪಕ್ಕ ಸೀಸೆಯಲ್ಲಿ ಇಡೇ, ಜೊತೆಗಿರಲಿ, ನಾನು ನಕ್ಕೆ, ನಕ್ಕೆನಲ್ಲ, ಒಂದು ಮಾತು, ತಪ್ಪು ನನ್ನದು ರೀ ಅಂತ ಒಂದು ಮಾತು ಹೇಳಲಿಲ್ಲ, ಆಮೇಲೆ ಹೇಳೋಣ, ನಾಲಗೆ ಅರ್ಧ ಉಳಿದರೂ ಬೈಯಬಹುದು ಅವರು, ಬೈಯಲಿ, ಬಾಯ್ತುಂಬ ಬೈಯಲಿ —

ಫೋನು. ಅತ್ತಿಗೆ, ಡಾಕ್ಟ್ರು ಈಗ ಹೊರಗೆ ಬಂದಿದ್ರು, ಬುಡದವರೆಗೂ ಹೋಗಿದೆಯಂತೆ, ಪೂರ್ತಿ ತೆಗೀತಾರಂತೆ, ಅತ್ತಿಗೆ, ಕೇಳಿಸ್ತಾ? ಕೇಳಿಸ್ತು ಕಣೆ. ಇನ್ನು ಬೈಗುಳವೂ ಇಲ್ಲ, ಉಪ್ಪು ಸಾಲದು ಕಣೇ ಅನ್ನೋದೂ ಇಲ್ಲ — ಬರಿ, ಪೆನ್ನು ಕೈಯಲ್ಲೇ ಇದೆ, ಹಾಳೆಯಲ್ಲಿ ಇನ್ನೊಂದೇ ಸಾಲು ಖಾಲಿ, ಎಡ ಅಂಚು, ಬಿಳಿಚಿದೆ, ಗಮನಿಸುವಂಥದ್ದು ಏನೂ ಇಲ್ಲ, ಕೈ ತಾನಾಗೇ ಬರೆದುಬಿಟ್ಟಿದೆ, ಏನೂ ಇಲ್ಲ — ಬಚ್ಚಲ ದೀಪ, ನಾಲಗೆ ಚಾಚಿಕೊಂಡೇ ನಿಂತಿದ್ದಾರೆ, ನಾನು ನೋಡಲಿ ಅಂತ, ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ, ಅಕ್ಕಿಕಾಳಿನಷ್ಟು