ಚೆನ್ನಾಗವ್ಳೆ ಸಾ

ಅನುಶ್ರೀ ಹೃದಯಕ್ಕೆ ಹೊಸ ಕವಾಟ ಹಾಕಿಸಿಕೊಂಡು ಬೆಂಗಳೂರಿನಿಂದ ಊರಿಗೆ ಹೊರಟಾಗ ಅಲ್ಲಿನ ಡಾಕ್ಟರು ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ರಕ್ತ ತೆಳ್ಳಗೆ ಮಾಡುವ ಮಾತ್ರೆಯನ್ನು ಜನ್ಮವಿಡೀ ನುಂಗಬೇಕು. ತಿಂಗಳು ತಿಂಗಳೂ ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆ ಕಡಿಮೆಯಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಸೋರತೊಡಗುತ್ತದೆ.

ಗಂಡ ರವೀಂದ್ರ ಚನ್ನರಾಯಪಟ್ಟಣದ ಡಿಪೋದಲ್ಲಿ ಬಸ್ ಕಂಡಕ್ಟರು. ರಜೆ ಸಿಕ್ಕುವುದು ಅಪರೂಪ. ಅತ್ತೆ ಪುಟ್ಟತಾಯಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಹೀಗಾಗಿ ಸೊಸೆಯನ್ನು ಕರೆದೊಯ್ಯುವ ಕೆಲಸ ಮಾವ ಚನ್ನಪ್ಪನ ಪಾಲಿಗೆ ಬಂತು. ಅರಕಲಗೂಡಿನ ಮಗ್ಗುಲ ಹಳ್ಳಿಯಲ್ಲಿ ನಾಲ್ಕು ಜನಕ್ಕೆ ನ್ಯಾಯ ಹೇಳುವ ಮನುಷ್ಯ ಆತ. ಅಂಥಾ ದೊಡ್ಡ ಆಪರೇಷನ್ನು ಮಾಡಿಸಿ ಸೊಸೆಯನ್ನು ಉಳಿಸಿಕೊಂಡೆ ಎಂಬ ಹೆಮ್ಮೆ ಅವನಿಗಿತ್ತು.

ಹಾಸನದ ಡಾಕ್ಟರ್ ಮುರಳೀಕೃಷ್ಣ ಪ್ರತಿ ಸಲವೂ ಕೇಳುತ್ತಿದ್ದರು. "ಎಲ್ಲಾದ್ರೂ ರಕ್ತ ಹೋಗ್ತಿದೆಯೇನಮ್ಮ? ವಸಡಲ್ಲಿ, ಮೂಗಲ್ಲಿ, ಮುಟ್ಟಿನಲ್ಲಿ?"

ಕೊನೆಯ ಮಾತು ಕಿವಿಗೆ ಬೀಳುವ ಮೊದಲೇ ಚನ್ನಪ್ಪ ಬಾಯಿ ಹಾಕುತ್ತಿದ್ದ. "ಏನೂ ಇಲ್ಲ. ಚೆನ್ನಾಗವ್ಳೆ ಸಾ."

ಅವನ ಕುರ್ಚಿಯ ಹಿಂದೆ ನಿಂತಿರುತ್ತಿದ್ದ ಅನುಶ್ರೀ ತಲೆ ತಗ್ಗಿಸುತ್ತಿದ್ದಳು.

ಆ ವರ್ಷ ಶುಂಠಿ ಕೀಳುವ ಹೊತ್ತಿಗೆ ಸರಿಯಾಗಿ ಪರೀಕ್ಷೆಯ ದಿನವೂ ಬಂತು.

"ಕೇಳಿಸ್ತಾ? ಅನೂಗೆ ಮೈ ಸರ್ಯಾಗಿಲ್ಲ. ಆಸ್ನಕ್ಕೆ ಕರ್ಕೊಂಡೋಗಿ," ಅಂದಳು ಪುಟ್ಟತಾಯಮ್ಮ.

"ಏನಾಗದೆ?"

"ಎಂಗುಸ್ರ ಇಚಾರ."

"ಅಂಗಾರೆ ನೀನೇ ನೋಡ್ಕೊ. ಕೂಲಿಯೋರ್ನ ಬುಟ್ಟು ಎಲ್ಲಿಗೋಗ್ಲಿ ನಾನು? ಬರೋ ತಿಂಗ್ಳು ಓದ್ರಾಯ್ತು."

ಆ ತಿಂಗಳು ಹಾಗೇ ಕಳೆದುಹೋಯಿತು.

ಮುಂದಿನ ತಿಂಗಳು ಹೊರಟಾಗ ಬಸ್ಸು ತುಂಬಿತ್ತು. ಅನುಶ್ರೀ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಚನ್ನಪ್ಪ ಹಿಂದೆ. ಹಾಸನದಲ್ಲಿ ಎಲ್ಲರೂ ಇಳಿಯತೊಡಗಿದರೂ ಅವಳು ಏಳಲಿಲ್ಲ.

"ಏಳವ್ವ, ಆಸ್ನ ಬಂತು."

"ನೀವು ಮುಂದೆ ಓಗಿರಿ ಮಾವ. ಬತ್ತೀನಿ."

"ಡಾಕ್ಟ್ರು ಎದ್ದೋದ್ರೆ? ಏಳು ಅಂದ್ರೆ!" ಚನ್ನಪ್ಪ ದನಿ ಏರಿಸಿದ. ಇಳಿಯುತ್ತಿದ್ದವರು ತಿರುಗಿ ನೋಡಿದರು.

ಅವಳು ಎದ್ದಳು. ಸೀರೆಯ ಹಿಂಭಾಗ ತೊಯ್ದು ಕೆಂಪಾಗಿತ್ತು. ಸೀಟೂ ಹಾಗೇ ಇತ್ತು. "ಮನೇಲಿ ಇರಕ್ಕೇನ್ರಮ್ಮ ಕಷ್ಟ?" ಎಂದು ಕಂಡಕ್ಟರು ಗೊಣಗಿದ.

ಚನ್ನಪ್ಪನ ಮುಖ ಸುಟ್ಟಂತಾಯಿತು. ಇಷ್ಟು ಜನರ ಮುಂದೆ ಮಾನ ಹೋಯಿತಲ್ಲ ಅನ್ನಿಸಿತೇ ಹೊರತು ಬೇರೇನೂ ಹೊಳೆಯಲಿಲ್ಲ. ತನಗೂ ಅವಳಿಗೂ ಸಂಬಂಧವೇ ಇಲ್ಲವೆಂಬಂತೆ ಸರಸರ ಇಳಿದುಹೋಗಿ, ಬೇರೆ ಊರಿನ ಬೋರ್ಡು ನೋಡುತ್ತಾ ನಿಂತುಬಿಟ್ಟ.

ಅವಳನ್ನು ಹಿಡಿದು ಇಳಿಸಿದವಳು ಗುರುತು ಪರಿಚಯವಿಲ್ಲದ ಒಬ್ಬ ಮುದುಕಿ. ತನ್ನ ಚೀಲದಿಂದ ಹಳೇ ಸೀರೆಯೊಂದನ್ನು ತೆಗೆದು ಅವಳ ಸೊಂಟಕ್ಕೆ ಸುತ್ತಿದಳು. "ಯಾರಪ್ಪಾ ಈ ಮಗೀನ ಕಡೆಯೋರು? ಬಿಳ್ಚ್ಕೊಂಡವ್ಳೆ, ನಿಲ್ಲಕ್ಕಾಯ್ತಿಲ್ಲ!" ಎಂದು ಕೂಗಿದಳು. ಅಷ್ಟಾದ ಮೇಲೆಯೇ ಚನ್ನಪ್ಪ ಹತ್ತಿರ ಹೋದದ್ದು, ಆಟೋ ಕರೆದದ್ದು.

ಆಸ್ಪತ್ರೆಯಲ್ಲಿ ಡಾಕ್ಟರ್ ಗೌತಮಿ ಎಂಬಾಕೆ ಅವನನ್ನು ಹೊರಗೆ ನಿಲ್ಲಿಸಿ ಪರದೆ ಎಳೆದರು. ಒಳಗಿನ ಮಾತು ಅವನಿಗೆ ಕೇಳುತ್ತಲೇ ಇತ್ತು.

"ಯಾವಾಗಿಂದ ಹೀಗೆ?"

"ಮೊದ್ಲಿಂದ್ಲೂ ಜಾಸ್ತಿನೇ ಮೇಡಂ. ಈಗ ನಿಲ್ತಾನೇ ಇಲ್ಲ."

"ಮುರಳೀಕೃಷ್ಣ ಸಾರು ಪ್ರತಿ ಸಲ ಕೇಳ್ತಾರಲ್ಲ, ಹೇಳ್ಬಾರ್ದಾ?"

"ನಮ್ಮ ಮಾವ ಯೋಳ್ಬುಡ್ತಿದ್ರು."

ಆ ದನಿಯಲ್ಲಿ ದೂರಿರಲಿಲ್ಲ, ಸಿಟ್ಟಿರಲಿಲ್ಲ. ಅದೇ ಚನ್ನಪ್ಪನ ಎದೆಗೆ ನಾಟಿತು.

ರಿಪೋರ್ಟು ಬಂದಾಗ ರಕ್ತ ವಿಪರೀತ ತೆಳ್ಳಗಾಗಿತ್ತು. "ಹೋದ ತಿಂಗಳು ಟೆಸ್ಟ್ ಮಾಡಿಸಿದ್ದಿದ್ರೆ ಮಾತ್ರೆ ಸ್ವಲ್ಪ ಕಡಿಮೆ ಮಾಡೋದ್ರಲ್ಲೇ ಮುಗೀತಿತ್ತು," ಎಂದಷ್ಟೇ ಹೇಳಿ ಗೌತಮಿ ರಕ್ತ ಕೊಡಿಸುವ ಏರ್ಪಾಟಿಗೆ ಹೋದರು.

ಸಂಜೆ ರವೀಂದ್ರ ಡ್ಯೂಟಿಯ ಖಾಕಿಯಲ್ಲೇ ಓಡಿಬಂದ. "ಓದ್ ತಿಂಗ್ಳು ಟೆಸ್ಟಲ್ಲಿ ಏನಂದ್ರಪ್ಪ?"

ಲ್ಯಾಬು ಮುಚ್ಚಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಚನ್ನಪ್ಪ ಅದನ್ನು ನುಂಗಿಕೊಂಡ.

"ಮಾಡಿಸ್ಲಿಲ್ಲ ಕಣ್ಲಾ. ನಿಮ್ಮವ್ವ ಯೋಳಿದ್ಲು. ಶುಂಠಿ ಕೀಳಬೇಕು ಅಂತ ನಾನೇ ಬ್ಯಾಡ ಅಂದೆ."

ಬಸ್ ಸ್ಟ್ಯಾಂಡಿನ ಸಂಗತಿ ಮಾತ್ರ ಬಾಯಿಂದ ಹೊರಡಲಿಲ್ಲ. ರವೀಂದ್ರ ಹೆಂಡತಿಯ ಹತ್ತಿರ ಹೋಗಿ ಕೂತ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅನುಶ್ರೀ ಚೇತರಿಸಿಕೊಂಡು ಮನೆಗೆ ಬಂದಳು. ಮತ್ತೆ ಪರೀಕ್ಷೆಯ ದಿನ ಬಂದಾಗ ಚನ್ನಪ್ಪ, "ರವಿಗೇ ರಜ ಆಕು ಅಂತೀನಿ," ಎಂದು ತಪ್ಪಿಸಿಕೊಳ್ಳಲು ನೋಡಿದ.

"ಅವ್ರಿಗೆ ರಜ ಎಲ್ಲಿ ಸಿಕ್ತದೆ? ನೀವೇ ಬನ್ನಿ ಮಾವ," ಅಂದಳು ಅನುಶ್ರೀ. "ಡಾಕ್ಟ್ರ ಅತ್ರ ಮಾತ್ರ ನಾನೊಬ್ಳೇ ಓಯ್ತೀನಿ."

"ಆಗ್ಲವ್ವ."

ಅವಳು ಒಳಗೆ ಮಾತಾಡಿ ಬರುವ ತನಕ ಅವನು ಹೊರಗಿನ ಬೆಂಚಿನ ಮೇಲೆ ಕಾದ. ಬಂದವಳು, ರಕ್ತ ಹದಕ್ಕೆ ಬಂದಿದೆಯೆಂದೂ ಮಾತ್ರೆಯನ್ನು ಈಗಿನಷ್ಟೇ ಮುಂದುವರಿಸಬೇಕೆಂದೂ ಹೇಳಿದಳು. ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು. ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದಾಗ ಚನ್ನಪ್ಪನಿಗೆ ತಡೆಯಲಾಗಲಿಲ್ಲ.

"ಅನೂ, ಅವತ್ತು ಇಲ್ಲಿ... ನಾನು ಆ ಕಡೆ ಓಗಿ ನಿಂತ್ಕೊಂಡ್ನಲ್ಲ..."

"ಗೊತ್ತು ಮಾವ. ನೋಡ್ದೆ."

ಅವಳು ಅಷ್ಟು ಹೇಳಿ ಸೆರಗು ಹೊದ್ದುಕೊಂಡಳು. ಬಸ್ಸು ಬಂತು. ಅವಳು ಹತ್ತಿದಳು. ಚನ್ನಪ್ಪ ತಲೆಯೆತ್ತದೆ ಹಿಂದಿನಿಂದ ಹತ್ತಿದ.