ಮಲಗಿಸಿ ತೆಗೆದ ಚಿತ್ರ

ನೀರಿನ ಸದ್ದು, ಬಚ್ಚಲಿನ ನಲ್ಲಿ ಯಾರೋ ಬಿಟ್ಟು ಬಂದ ಹಾಗೆ — ಅಲ್ಲ, ಹರಿಯುತ್ತಿರುವುದು ನನ್ನ ಎಡಮಂಡಿಯೊಳಗೇ, ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದಿಂದ ಕೆಳಗೆ ನಾನು ಇಲ್ಲ, ಹಸಿರು ಬಟ್ಟೆಯ ಆಚೆ ಕಾಲು ಯಾರದೋ ಸಾಮಾನಿನಂತೆ ಬಿದ್ದಿದೆ, ಪಕ್ಕದ ಟಿವಿಯಲ್ಲಿ ಮಾತ್ರ ಅದರ ಒಳಗೆಲ್ಲ ಕಾಣುತ್ತಿದೆ, ಬೆಳ್ಳಗೆ, ನುಣ್ಣಗೆ, ಮಧುಶ್ರೀ ನೋಡ್ತಾ ಇದೀಯಾ, ಕ್ಯಾಮೆರಾ ಒಳಗೆ ಹೋಯ್ತು, ಅನ್ನುತ್ತಾರೆ ಡಾಕ್ಟರ್ ಸುರಭಿ, ನೋಡ್ತಾ ಇದೀನಿ ಮೇಡಂ, ನೋಡದೆ ಬಿಡ್ತೀನಾ, ಎರಡು ತಿಂಗಳು ಜಗಳ ಆಡಿದ್ದು ಇದಕ್ಕೇ ತಾನೇ, ಎಂಆರ್‌ಐ ರಿಪೋರ್ಟಿನಲ್ಲಿ ಕಾರ್ಟಿಲೇಜ್ ನಾರ್ಮಲ್ ಅಂತ ಎರಡೇ ಪದ, ಓದಿದ ಕೋಚ್ ಸಂಜೀವಯ್ಯ ಸಾರ್ ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಕೈಗೆ ತುರುಕಿದರು, ಮಂಡೀಲೇನೂ ಇಲ್ಲಮ್ಮ, ಭಯ ಇರೋದು ತಲೇಲಿ, ಫೈನಲ್ ದಿನ ಕೂತಲ್ಲೇ ಕೂತ್ಯಲ್ಲ. ಹೌದು, ಕೂತೆ. ಹಿಂದಿನಿಂದ ಬೆನ್ನು ತಟ್ಟಿ ಖೋ ಅಂತ ಕಿವಿಯ ಹತ್ತಿರವೇ ಕೂಗಿದಳು ಅರ್ಪಿತ, ಎದ್ದೆ — ಏಳಲಾಗಲಿಲ್ಲ, ಕುಕ್ಕರಗಾಲಿನಲ್ಲಿ ಮಡಚಿದ್ದ ಮಂಡಿಯೊಳಗೆ ಏನೋ ಸಿಕ್ಕಿಕೊಂಡಿತು, ಎಳನೀರು ಕುಡಿದ ಮೇಲೆ ಸಿಪ್ಪೆಯ ಚೂರಿನಿಂದ ಕೆರೆದರೆ ಗಂಜಿಯ ಅಂಚು ಏಳುತ್ತದಲ್ಲ, ಹಾಗೆ ಒಳಗೊಂದು ಅಂಚು ಎದ್ದಿತು, ಒಂದು ಪಾಯಿಂಟಿನಲ್ಲಿ ಸೋತೆವು, ಆಮೇಲೆ ತಿಲಕ್ ನಗರದ ಮೈದಾನದ ಗೇಟಿನಲ್ಲಿ ಎಳನೀರು ಕೆರೆದು ಕೆರೆದು ತೋರಿಸಿದೆ, ನೋಡ್ರೇ, ಇದೇ ಥರ ಏಳುತ್ತೆ, ಅರ್ಪಿತ ನಕ್ಕಳು, ಮಂಡೀಲಿ ಗಂಜಿನಾ ಗುರು, ಸಖತ್ತಾಗಿದೆ ಕಥೆ.

ಕಥೆಯಂತೆ! ಮಂಡಿ ನನ್ನದು, ನೋವು ನನ್ನದು, ಸಾಕ್ಷಿ ಹೇಳುವುದು ಮಾತ್ರ ಹಾಳೆಯಂತೆ, ಆ ಎಂಆರ್‌ಐ ಕೊಳವೆಯ ಟಕಟಕ ಸದ್ದಿನಲ್ಲಿ ಅಲ್ಲಾಡ್ಬೇಡಿ ಅಲ್ಲಾಡ್ಬೇಡಿ ಅಂತ ನೆಟ್ಟಗೆ ಮಲಗಿಸಿ ತೆಗೆದ ಚಿತ್ರಕ್ಕೆ ನಾನು ಕುಕ್ಕರಗಾಲಿನಿಂದ ಚಿಮ್ಮುವುದು ಏನು ಗೊತ್ತು, ಸಾಲದ್ದಕ್ಕೆ ಅಜ್ಜಿ ನಾರಾಯಣಮ್ಮ, ಬಿಳೇಕಹಳ್ಳಿಯಲ್ಲಿ ಹೊಲ ಇದ್ದ ಕಾಲದಿಂದ ಎತ್ತಿಗೂ ಮನುಷ್ಯರಿಗೂ ಒಂದೇ ಕಟ್ಟು ಕಟ್ಟುವವಳು, ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಇಪ್ಪತ್ತು ದಿನ ಕಟ್ಟಿ ಕೂರಿಸಿದಳು, ಊದಿದ ಕಾಲು ತಗೊಂಡು ಸ್ಕ್ಯಾನಿಗೆ ಹೋಗ್ತಾರೇನೇ, ಮನೇಲಿ ನೋಡ್ಕೊಳ್ಳೋರೇ ಇಲ್ಲ ಅಂದ್ಕೋತಾರೆ, ಊತ ಇಳಿಯಿತು, ಗಂಡಿನ ಕಡೆಯವರ ಮುಂದೆ ಕೂತ ಹುಡುಗಿಯ ಹಾಗೆ ಮಂಡಿ ಸ್ಕ್ಯಾನಿನಲ್ಲಿ ತೆಪ್ಪಗಿತ್ತು, ಸುರಭಿ ಮೇಡಂ ಒಬ್ಬರೇ ಅದನ್ನು ಮಡಚಿ, ತಿರುಗಿಸಿ, ನನ್ನನ್ನು ಕಿರುಚಿಸಿ ನೋಡಿದವರು, ಸ್ಕ್ಯಾನಲ್ಲಿ ಕಂಡ್ರೆ ಸಾಮಾನ್ಯವಾಗಿ ಇರುತ್ತೆ, ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಹೇಳಕ್ಕಾಗಲ್ಲ, ಕಾರ್ಟಿಲೇಜ್ ಅಂದ್ರೆ ಮೂಳೆ ಮೇಲಿನ ಮೆತ್ತೆ, ಅದು ಸೀಳಿದ್ರೆ ಎಷ್ಟೋ ಸಲ ತಪ್ಪಿಸ್ಕೊಳ್ಳುತ್ತೆ, ಕ್ಯಾಮೆರಾ ಹಾಕಿ ನೋಡೋಣ, ಏನೂ ಸಿಗದಿದ್ರೆ ಹೊಲಿಗೆ ಹಾಕಿ ಕಳಿಸ್ತೀನಿ, ಆಮೇಲೆ ನೀನು ಕೋಚ್ ಮಾತು ಕೇಳ್ಬೇಕು. ಕೇಳಲ್ಲ. ಆದರೂ ಸಿಗಲಿ, ಸಿಗದಿದ್ದರೆ ರಾಜ್ಯ ತಂಡದಿಂದ ಪುಕ್ಕಲಿ ಅನ್ನಿಸಿಕೊಂಡೇ ಹೊರಗೆ, ತಾಯಿ ಬನಶಂಕರಿ, ಹರಿದಿರಲಿ — ತನ್ನ ಮಂಡಿ ಹರಿದಿರಲಿ ಅಂತ ನಿಂಬೆಹಣ್ಣಿನ ದೀಪ ಹಚ್ಚಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಟಿವಿಯಲ್ಲಿ ಬಿಳುಪು, ಇನ್ನೂ ಬಿಳುಪು, ಇಲ್ಲೆಲ್ಲಾ ಚೆನ್ನಾಗೇ ಇದೆಯಲ್ಲ ಅನ್ನುತ್ತಾರೆ, ಮಡಚಿ ಮೇಡಂ, ಮಲಗಿಸಿ ನೋಡ್ಬೇಡಿ, ನಾನು ಕೂರೋ ಥರ ಮಡಚಿ, ಯಾರೋ ಕಾಲೆತ್ತಿ ಮಡಚುತ್ತಾರೆ, ಬಿಳುಪು ಹೊರಳುತ್ತದೆ, ಸಣ್ಣದೊಂದು ಕೊಕ್ಕೆ ಮೆಲ್ಲಗೆ ಕೆರೆಯುತ್ತದೆ — ಎದ್ದಿತು. ಅಂಚು. ನೋಡಿ ಸಾರ್, ನೋಡೇ ಅರ್ಪಿತ, ಸುಳ್ಳು ಹೇಳಿರಲಿಲ್ಲ ನಾನು, ಎಷ್ಟಗಲ ಇದೆ ಮೇಡಂ, ಕೊಕ್ಕೆ ಇನ್ನೂ ಅಡಿಗೆ ಹೋಗುತ್ತಿದೆ, ಗೆದ್ದೆ, ಗೆದ್ದೆನಲ್ಲ, ಅಂಚು ಇನ್ನೂ ಏಳುತ್ತಿದೆ, ಎಳನೀರಿನ ಗಂಜಿ, ಸಿಪ್ಪೆಯ ಚೂರು, ಇನ್ನೂ ಏಳುತ್ತಿದೆ, ಒಳಗಿನ ಚಿಪ್ಪು, ನನ್ನ ಮೂಳೆ, ಕಾಣುವವರೆಗೂ ಏಳುತ್ತಿದೆ.