ಅಕ್ಕನ ಅರ್ಧ

ಡಬ್ಬಿ ತೆರೆದು ಅಕ್ಕನ ಅರ್ಧ ಶಾಲನ್ನು ಕಿಟಕಿಯ ಬೆಳಕಿಗೆ ಹಿಡಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಇದು ಅಕ್ಕ ಹೆಣೆದದ್ದಲ್ಲ.

ನಾಳಿದ್ದಿಗೆ ನಮ್ಮಮ್ಮನಿಗೆ ಎಂಬತ್ತು ತುಂಬುತ್ತದೆ. ಕಣ್ಣು ಪೂರ್ತಿ ಹೋಗಿದೆ, ಬೆರಳು ಮಾತ್ರ ಇನ್ನೂ ಚುರುಕು. ಹುಟ್ಟುಹಬ್ಬಕ್ಕೆ ಏನು ಬೇಕಮ್ಮ ಎಂದು ಕೇಳಿದ್ದಕ್ಕೆ, "ಇಬ್ಬರೂ ಸೇರಿ ಒಂದು ಲೇಸ್ ಶಾಲು ಹೆಣೆದು ಕೊಡಿ. ಇಬ್ಬರ ಕೈಯೂ ಅದರಲ್ಲಿರಲಿ" ಎಂದಿದ್ದಳು. ಇಂಥ ಶಾಲನ್ನು ಎರಡು ತುದಿಯಿಂದ ಎರಡು ಅರ್ಧವಾಗಿ ಹೆಣೆದು ನಡುವೆ ಬೆಸೆಯುತ್ತಾರೆ. ಒಂದು ಅರ್ಧ ನನಗೆ, ಒಂದು ಅಕ್ಕನಿಗೆ ಎಂದಾಯಿತು. ನನ್ನದು ಐದು ತಿಂಗಳಿಗೇ ಮುಗಿಯಿತು. ಆಮೇಲಿನ ಮೂರು ತಿಂಗಳು ಫೋನ್ ಮಾಡಿದಾಗಲೆಲ್ಲ ಅಕ್ಕನನ್ನು ಹಂಗಿಸಿದ್ದೇ ಹಂಗಿಸಿದ್ದು. "ಆಮೆ ಕೈಗೆ ಕಡ್ಡಿ ಕೊಟ್ಟಿದ್ರೂ ಇಷ್ಟೊತ್ತಿಗೆ ಮುಗಿಸಿರೋದು ಕಣೇ." ಅವಳು ನಗುತ್ತಿದ್ದಳು. ಇವತ್ತು ಬೆಸೆಯಲೆಂದು ಅವಳ ಮನೆಗೆ ಬಂದರೆ ಈ ಅವತಾರ.

ನಾವಿಬ್ಬರೂ ಕಲಿತದ್ದು ಅಮ್ಮನಿಂದ. ಲೋಕವೆಲ್ಲ ನೂಲನ್ನು ಕಡ್ಡಿಯ ಮೇಲಿಂದ ಸುತ್ತಿದರೆ ಅಮ್ಮ ಹಿಂಬದಿಯ ಸಾಲಿನಲ್ಲಿ ಕೆಳಗಿಂದ ಎತ್ತುತ್ತಾಳೆ. ಅದರಿಂದ ಅವಳ ಕುಣಿಕೆಗಳು ಕಡ್ಡಿಯ ಮೇಲೆ ಬೆನ್ನು ತಿರುಗಿಸಿ ಕೂರುತ್ತವೆ. ನನ್ನವೂ ಹಾಗೇ, ಅಕ್ಕನವೂ ಹಾಗೇ. ಬೆಸೆಯಲೆಂದು ಈ ಕಡ್ಡಿಯ ಮೇಲೇ ಬಿಟ್ಟಿದ್ದ ತೊಂಬತ್ತೊಂದು ಕುಣಿಕೆಗಳೂ ಪುಸ್ತಕದ ಚಿತ್ರದ ಹಾಗೆ ಮುಂದಕ್ಕೆ ಮುಖ ಮಾಡಿ ಕೂತಿದ್ದವು.

"ಯಾರ ಕೈಲಿ ಹೆಣೆಸಿದೆ?"

"ಯಾರ ಕೈಲಿ ಅಂದ್ರೇನು? ನಾನೇ..." ಅಕ್ಕ ಎರಡೂ ಕೈಯನ್ನು ತೊಡೆಯ ಮೇಲಿನ ದಿಂಬಿನಡಿ ಇಟ್ಟುಕೊಂಡಿದ್ದಳು.

"ನನ್ನ ಕಿವಿ ಮೇಲೆ ಹೂ ಇಡಬೇಡ."

ಅಡುಗೆಮನೆಯಿಂದ ಭಾವ ಬಂದರು. "ಬೈಯೋದಾದ್ರೆ ನನ್ನ ಬೈ, ಪಟಾಕಿ. ಹೆಣೆದೋನು ನಾನು."

"ನೀವಾ? ಷರಟಿನ ಗುಂಡಿ ಬಿದ್ರೆ ಮನೆಯೆಲ್ಲ ಎಬ್ಬಿಸೋರು ನೀವು!"

"ಮೂವತ್ತು ವರ್ಷ ಲೇತ್ ಮುಂದೆ ನಿಂತಿದ್ದೀನಮ್ಮ. ಅಳತೆ ಅಂದ್ರೆ ಅಳತೆ. ಫೋನಲ್ಲಿ ವಿಡಿಯೊ ನೋಡಿ ಕಲಿತೆ. ಒಂದು ಕಡೆ ತಪ್ಪಿದ್ರೆ ತೋರಿಸು ನೋಡೋಣ."

ತೋರಿಸಲು ಒಂದೂ ಸಿಗಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು.

"ಅಕ್ಕ, ಕೈ ತೆಗಿ ಹೊರಗೆ."

ತೆಗೆದಳು. ಬಲಗೈ ಗಾಳಿಗೆ ಸಿಕ್ಕ ಕಾಗದದಂತೆ ಪಟಪಟ ನಡುಗುತ್ತಿತ್ತು. ಎಡಗೈಯಿಂದ ಅದನ್ನು ಅದುಮಿ ಹಿಡಿದಳು. ಈಗ ಎರಡೂ ನಡುಗಿದವು.

"ಹೋದ ವರ್ಷದಿಂದ ಹೀಗೆ. ಮಾತ್ರೆ ಕೊಟ್ಟಿದ್ದಾರೆ. ಪೂರ್ತಿ ವಾಸಿಯಾಗಲ್ವಂತೆ. ಅಮ್ಮಂಗೆ ಹೇಳ್ಬೇಡ, ಈ ವಯಸ್ಸಲ್ಲಿ ಕೊರಗ್ತಾಳೆ."

"ನಂಗೆ ಹೇಳೋಕೇನು ಧಾಡಿ ನಿಂಗೆ? ನನ್ನ ಬಾಯಲ್ಲಿ ಆಮೆ, ಬಸವನಹುಳ ಅಂತೆಲ್ಲ ಅನ್ನಿಸ್ಕೊಂಡು ಹಲ್ಲು ಕಿರೀತಿದ್ಯಲ್ಲ, ನನ್ನ ಏನಂದ್ಕೊಂಡಿದ್ದೀಯ?"

"ನೀನು ಹಂಗಿಸ್ತಿದ್ರೆ ನನ್ನ ಕೈ ಚೆನ್ನಾಗೇ ಇದೆ ಅನ್ಸೋದು ಕಣೇ. ಬರೀ ಸೋಮಾರಿತನ ಅನ್ಸೋದು."

ನಾನು ಭಾವನ ಮೇಲೆ ಹರಿಹಾಯ್ದೆ. "ಅಮ್ಮ ಒಂದ್ಸಲ ಕೈಯಾಡಿಸಿದ್ರೆ ಗೊತ್ತಾಗುತ್ತೆ. ಕಣ್ಣಿಲ್ಲದವಳಿಗೆ ಸುಳ್ಳು ಹೊದಿಸೋಕೆ ನಾಚಿಕೆ ಆಗಲ್ವಾ ಇಬ್ರಿಗೂ?"

"ಮೆತ್ತಗೆ ಮಾತಾಡು. ಇಡೀ ಬೀದಿ ಕೇಳ್ತಿದೆ" ಎಂದರು ಭಾವ.

"ಕೇಳ್ಲಿ!"

ಕಡ್ಡಿಯನ್ನು ಸರ್ರನೆ ಎಳೆದೆ. ನೂಲು ಹಿಡಿದು ಜಗ್ಗಿದೆ. ಚಿತ್ತಾರ ಮುಗಿದ ಮೇಲಿನ ಎರಡು ಬರಿ ಸಾಲು ಬಿಚ್ಚಿಕೊಂಡು ಬಂದವು.

"ಅಯ್ಯೋ, ನನ್ನ ಸಾಲು!" ಭಾವ ತಲೆ ಹಿಡಿದುಕೊಂಡರು.

"ನಿಮ್ಮವು ಇನ್ನೂ ಬೇಕಾದಷ್ಟಿವೆ, ಇಟ್ಕೊಳ್ಳಿ. ಈ ಎರಡು ಅವಳದು."

ಕುಣಿಕೆಗಳನ್ನು ಒಂದೊಂದಾಗಿ ಹಿಡಿದು ಮತ್ತೆ ಕಡ್ಡಿಗೇರಿಸಿ ಅಕ್ಕನ ಕೈಗೆ ತುರುಕಿದೆ. "ಹೆಣೆ."

"ಆಗಲ್ಲ ಕಣೇ."

"ಆಗದೇ ಇದ್ರೆ ಆಗದ ಹಾಗೇ ಹೆಣೆ. ನಾಳಿದ್ದು ಅಮ್ಮನ ಬೆರಳು ಅಲ್ಲಿಗೆ ಬಂದಾಗ ನೀನೇ ಬಾಯಿಬಿಟ್ಟು ಹೇಳು, ನನ್ನ ಕೈ ಹೀಗಾಗಿದೆ ಅಂತ. ನಾನು ಹೇಳಲ್ಲ."

ಕಡ್ಡಿಯ ತುದಿ ಕುಣಿಕೆಯೊಂದನ್ನು ಬಿಟ್ಟು ಸುತ್ತಲೆಲ್ಲ ಕುಟ್ಟಿತು. ಭಾವ ಕೈ ಚಾಚಿದರು. "ಹಿಂದೆ ತಗೊಳ್ಳಿ!" ಎಂದು ಗದರಿದೆ. ಆರನೆಯ ಕುಣಿಕೆ ಜಾರಿ ಮೂರು ಸಾಲು ಕೆಳಗಿಳಿಯಿತು. ಅವಳನ್ನೂ, ನೂಲನ್ನೂ, ಮಾತ್ರೆ ಕೊಟ್ಟ ಡಾಕ್ಟರನ್ನೂ ಬೈಯುತ್ತಲೇ ಅದನ್ನು ಮೇಲೆತ್ತಿಕೊಟ್ಟೆ. ಭಾವ ಮಾಡಿಟ್ಟ ಚಹಾ ಕೆನೆಗಟ್ಟಿತು. ಮಧ್ಯಾಹ್ನದ ಊಟ ಯಾರೂ ಮಾಡಲಿಲ್ಲ.

ಒಂದು ಸಾಲು ಮುಗಿಯುವಾಗ ಬಿಸಿಲು ಎದುರುಮನೆಯ ಗೋಡೆಗೆ ಹೋಗಿತ್ತು. ಒಂದು ಕುಣಿಕೆ ಉಸಿರು ಕಟ್ಟುವಷ್ಟು ಬಿಗಿ, ಪಕ್ಕದ್ದು ಆಕಳಿಸುವ ಬಾಯಿಯಷ್ಟು ಸಡಿಲ.

ಅಕ್ಕ ಬೆವರು ಒರೆಸಿಕೊಂಡಳು. "ಸಾಕು ಕಣೇ. ಅಸಹ್ಯವಾಗಿದೆ."

"ಹೌದು, ಅಸಹ್ಯವಾಗಿದೆ" ಎಂದೆ. "ಇನ್ನೊಂದು ಸಾಲಿದೆ."

ಐವತ್ತು ವರ್ಷದಲ್ಲಿ ಅವಳ ಬಾಯಿಂದ ನಾನು ಒಂದು ಸಲವೂ ಕೇಳದಿದ್ದ ಬೈಗುಳವೊಂದನ್ನು ನನ್ನ ಮುಖಕ್ಕೇ ಎಸೆದಳು. ಭಾವ ಬೆಚ್ಚಿ ಅವಳನ್ನೇ ನೋಡಿದರು. ಆಮೇಲೆ ಅವಳು ಹಲ್ಲು ಕಚ್ಚಿ, ಶಾಲು ತಿರುವಿ ಹಿಡಿದು, ಎರಡನೆಯ ಸಾಲಿಗೆ ಕಡ್ಡಿ ಚುಚ್ಚಿದಳು.